ಮೆಟ್ಟಿಲು ಹತ್ತದೆ ಹಾಕಿದ ಸಹಿ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಯಾರೋ ಹೆಂಗಸು ನಮ್ಮ ಗೇಟಿನ ಹತ್ತಿರ ನಿಂತು ನನ್ನ ಹೆಸರು ಹಿಡಿದು ಕೂಗಿದಳು. ಬೆಂಗಳೂರಿನ ಅಂಚಿನ ಹೂಡಿಯ ಹಳೇ ಊರಿನಲ್ಲಿ ನನ್ನನ್ನು ಬರೀ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. ಕೆಲವರಿಗೆ ಅತ್ತೆ, ಕೆಲವರಿಗೆ ದೊಡ್ಡಮ್ಮ, ಪಕ್ಷದ ಕಮಿಟಿಯವರಿಗೆ ಅಂಜನಮ್ಮನವರು. ಯಾರಪ್ಪ ಇದು ಎಂದುಕೊಂಡು ಸೆರಗಿಗೆ ಕೈ ಒರೆಸುತ್ತಾ ಹೊರಗೆ ಹೋದೆ.

"ಅಂಜನಮ್ಮ ಅಂದ್ರ ನೀವ ಏನ್ರಿ?"

"ನಾನೇ ಕಣಮ್ಮ. ಏನಾಗ್ಬೇಕಿತ್ತು?"

"ನಾ ಮನಿ ಬಿಟ್ಟು ಹೋಗೇನಿ ಅಂತ ಬರದು ಕೊಟ್ಟೀರಲ್ಲ, ಎಲ್ಲಿಗೆ ಹೋಗೇನಿ ಅಂತ ಕೇಳಾಕ ಬಂದೆ."

ಐವತ್ತೈದು ದಾಟಿದ ಹೆಂಗಸು. ಕಂಪನಿಯವರು ಕೊಟ್ಟ ತಿಳಿ ಹಸಿರು ಸೀರೆ, ಕೊರಳಲ್ಲಿ ಗುರುತಿನ ಚೀಟಿ. ಹಣೆಯಲ್ಲಿ ಮೂರು ಗೆರೆ ವಿಭೂತಿ. ಕೈಯಲ್ಲಿ ಒಂದು ನೋಟೀಸು. ಅದನ್ನು ನನ್ನ ಮುಖಕ್ಕೆ ಹಿಡಿದಳು. ಕನ್ನಡಕ ಒಳಗಿತ್ತು, ಆದರೂ ಅಕ್ಷರ ದಪ್ಪವಿದ್ದುದರಿಂದ ಓದಿಕೊಂಡೆ. ಮತದಾರರ ಹೆಸರು ಮಹಾಂತಮ್ಮ, ಗಂಡ ಚನ್ನವೀರಪ್ಪ. ಹೆಸರು ತೆಗೆಯಲು ಕಾರಣ, ವಿಳಾಸ ಬಿಟ್ಟು ಹೋಗಿದ್ದಾರೆ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಶಿಫ್ಟೆಡ್. ಅರ್ಜಿ ಕೊಟ್ಟವರು ಅಂಜನಮ್ಮ. ವಿಚಾರಣೆ ಮಂಗಳವಾರ ಸಂಜೆ ಐದಕ್ಕೆ. ಅಂದರೆ ಅವತ್ತೇ.

"ನೀನು ನರಸಪ್ಪನವರ ಕಟ್ಟಡದಲ್ಲಿದ್ದೀಯಾ?"

"ಒಂಬತ್ತು ವರ್ಷ ಆತ್ರಿ. ಮೂರನೇ ಮಹಡಿ, ಕಡೀ ಮನಿ. ನಿಮ್ಮ ಮನಿ ಮುಂದ ದಿನಾ ಎರಡ ಸಲ ಹಾಯ್ತೇನಿ. ನೀವು ನನ್ನ ನೋಡಿಲ್ಲ, ಅದು ಬ್ಯಾರೆ ಮಾತು. ನಾ ಇಲ್ಲ ಅಂತ ಹೆಂಗ ಬರದ್ರಿ?"

ನೋಟೀಸಿನಲ್ಲಿದ್ದ ನನ್ನ ಹೆಸರನ್ನು ಇನ್ನೊಮ್ಮೆ ಓದಿದೆ.

ನಮ್ಮ ಕಮಿಟಿಯ ಕೆಲಸ ಹೀಗೆ. ಮತದಾರರ ಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಇಷ್ಟಿಷ್ಟು ಪುಟ. ಆ ಪುಟದವರ ಮನೆಗೆ ಚೀಟಿ ಹಂಚುವುದು, ಮುದುಕರನ್ನು ಆಟೋದಲ್ಲಿ ಮತಗಟ್ಟೆಗೆ ಕರೆದೊಯ್ಯುವುದು, ಸಭೆಗೆ ಹೆಂಗಸರನ್ನು ಸೇರಿಸುವುದು. ನಲವತ್ತೆರಡನೇ ವಯಸ್ಸಿನಲ್ಲಿ ಸರ್ಕಾರಿ ಶಾಲೆಯ ರಾತ್ರಿ ತರಗತಿಗೆ ಹೋಗಿ ಅಕ್ಷರ ಕಲಿತವಳು ನಾನು. ಪಟ್ಟಿ ಓದುತ್ತೇನೆ, ಸಹಿ ಹಾಕುತ್ತೇನೆ ಎಂದು ಕಮಿಟಿಯಲ್ಲಿ ನನಗೊಂದು ಕುರ್ಚಿ ಸಿಕ್ಕಿತು. ಆರು ವರ್ಷದಿಂದ ಒಂದು ಸಭೆಯನ್ನೂ ತಪ್ಪಿಸಿಲ್ಲ. ವಾರ್ಡ್ ಚುನಾವಣೆ ಬರುತ್ತದೆ ಎಂದು ಎರಡು ತಿಂಗಳ ಹಿಂದೆ ಪಟ್ಟಿ ಶುದ್ಧ ಮಾಡುವ ಕೆಲಸ ಬಂತು. ಸತ್ತವರು, ಊರು ಬಿಟ್ಟವರು ಯಾರು ಎಂದು ನೋಡಿ, ಹೆಸರು ತೆಗೆಯುವ ಅರ್ಜಿಗೆ ಸಹಿ ಹಾಕಬೇಕು.

ಹಳೇ ಊರಿನವರಾದ ನಮಗೆ ಒಂದು ಪದ್ಧತಿ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಮಾಲೀಕರ ಮನೆ. ನೆಲಮಹಡಿಯಲ್ಲಿ ಅವರಿರುತ್ತಾರೆ, ಸಂಬಂಧಿಕರೋ ಜಾತಿಯವರೋ ಆಗಿರುತ್ತಾರೆ. ಅವರ ಜಗುಲಿ ದಾಟಿ ಬಾಡಿಗೆಯವರ ಮೆಟ್ಟಿಲು ಹತ್ತಿದರೆ ಮಾಲೀಕರಿಗೆ ಅವಮಾನ, ನಮ್ಮನ್ನು ನಂಬಲಿಲ್ಲ ಅನ್ನುತ್ತಾರೆ. ಕೂತು, ಕಾಫಿ ಕುಡಿದು, ಪಟ್ಟಿ ಓದಿದರೆ ಅವರೇ ಹೇಳುತ್ತಾರೆ, ಇವನು ಇದ್ದಾನೆ, ಇವಳು ಹೋದಳು. ನಾನೂ ಹಾಗೇ ಮಾಡಿದೆ. ನರಸಪ್ಪನವರು ನನ್ನ ಗಂಡನ ದೊಡ್ಡಪ್ಪನ ಮಗ, ನನಗೆ ಭಾವ. ಅವರು ಹನ್ನೊಂದು ಹೆಸರಿಗೆ ಇಲ್ಲ ಎಂದರು. ಹನ್ನೊಂದಕ್ಕೂ ಸಹಿ ಹಾಕಿದೆ. ಕೈ ನಡುಗದೆ, ಗುಂಡಗೆ, ಒತ್ತು ಬಿಡದೆ.

"ಸಂಜಿ ಐದಕ್ಕ ಹೋಗ್ತೇನ್ರಿ," ಎಂದಳು ಮಹಾಂತಮ್ಮ. "ನಾ ಕೂಸುಗಳ್ನ ನೋಡ್ಕೊಳ್ಳೋ ಕೆಲಸದಾಗ ಅದೇನಿ, ಕಂಪನಿ ಒಳಗ. ತಾಯಂದ್ರು ಬಂದು ಕರಕೊಂಡು ಹೋಗೂತನಾ ಬಿಡಂಗಿಲ್ಲ. ತಡಾ ಆತಂದ್ರ ನನ್ನ ಹೆಸರು ಹೋತು. ಊರಾಗಿನ ಪಟ್ಟಿಯಾಗ ತಗಸಿ ಇಲ್ಲಿ ಹಾಕಿಸೇನ್ರಿ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂದ್ರ ನಾ ಎಲ್ಲ್ಯಾಕಿ?"

"ನೋಟೀಸು ನಿನ್ನೆ ಬಂತಾ?"

"ಹತ್ತು ದಿನದ ಹಿಂದ ಬಂದಾವು. ಮಾಲೀಕರ ಫ್ರಿಜ್ ಮ್ಯಾಲ ಇಟ್ಟಾರ ಎಲ್ಲಾನೂ. ನೀರಿನ ಮೋಟಾರು ಹಾಕ್ರಿ ಅಂತ ಹೇಳಾಕ ನಿನ್ನೆ ಹೋದಾಗ ನನ್ನ ಹೆಸರು ಕಾಣಿಸ್ತು."

ಅವಳು ಬಸ್ಸಿಗೆ ಹೊರಟುಹೋದಳು. ನಾನು ಒಳಗೆ ಬಂದೆ, ಮತ್ತೆ ಹೊರಗೆ ಹೋದೆ, ಮತ್ತೆ ಒಳಗೆ ಬಂದೆ. ಒಲೆಯ ಮೇಲೆ ಹಾಲು ಉಕ್ಕಿತು. ಇನ್ನೂ ಹತ್ತು ಜನಕ್ಕೆ ನೋಟೀಸು ಬಂದಿರುವುದೇ ಗೊತ್ತಿಲ್ಲ. ಅವರು ಐದಕ್ಕೆ ಬರುವುದಿಲ್ಲ. ಬರದಿದ್ದರೆ ನನ್ನ ಸಹಿಯೇ ಕೊನೆ ಮಾತು.

ತಿಂಡಿ ತಿನ್ನದೆ ಭಾವನ ಮನೆಗೆ ನಡೆದೆ.

ನರಸಪ್ಪನವರು ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು, ಟ್ಯಾಂಕರಿನವನು ನೆಲದಡಿಯ ಸಂಪ್‌ಗೆ ನೀರು ಬಿಡುವುದನ್ನು ಕಾಯುತ್ತಿದ್ದರು.

"ಬಾರಮ್ಮ, ಕಾಪಿ ಕುಡಿ."

"ಕಾಫಿ ಬೇಡ ಭಾವ. ಆ ನೋಟೀಸ್‌ಗಳು ಕೊಡಿ."

"ಯಾವ್ದು?"

"ಫ್ರಿಜ್ ಮೇಲಿರೋದು."

ಅವರು ನಕ್ಕರು. "ಓ, ಆ ವಿಭೂತಿಯಮ್ಮ ಬಂದಿದ್ಲಾ ನಿನ್ತಾವ? ಬಾಯಿ ಜೋರು ಅವ್ಳದ್ದು. ಕುಂತ್ಕೋ."

"ಅವಳು ಮೇಲೇ ಇದ್ದಾಳಲ್ಲ. ಹೋಗ್ಬಿಟ್ಳು ಅಂದ್ರಲ್ಲ ನೀವು?"

"ಓಗ್ತಾಳೆ ಇವತ್ತಲ್ಲ ನಾಳೆ. ಬಾಡಿಗೆಯೋರು ಇರ್ತಾರಾ? ಬಸ್‌ಸ್ಟಾಂಡ್ ಇದ್ದಂಗೆ ಕಣಮ್ಮ, ಬತ್ತಾರೆ ಓಗ್ತಾರೆ."

"ಒಂಬತ್ತು ವರ್ಷ ಆಯ್ತಂತೆ."

"ಅದೇ ನಾನೂ ಯೋಳೋದು! ಒಂಬತ್ತೊರ್ಸ ಕುಂತವ್ಳೆ, ಕಾರ್ಡು ಬ್ಯಾರೆ ಮಾಡ್ಸವ್ಳೆ ನನ್ ಮನೆ ನಂಬರ್ ಆಕಿ. ನಾಳೆ ಇದು ನಂದೇ ಅಂತ ಕುಂತ್ಕಂಡ್ರೆ? ಕೋರ್ಟ್ಗೆ ನೀನು ಬತ್ತೀಯಾ?"

"ವೋಟಿನ ಕಾರ್ಡ್ ಇದ್ರೆ ಮನೆ ಅವರದ್ದಾಗುತ್ತಾ ಭಾವ?"

"ನಂಗೇನ್ ಗೊತ್ತು, ನಾನೇನ್ ನಿನ್ನಂಗೆ ರಾತ್ರಿ ಸ್ಕೂಲ್‌ಗೋಗಿದ್ನಾ?"

ಟ್ಯಾಂಕರಿನವನು ಕಿಸಕ್ಕೆಂದ. ನಾನು ಒಳಗೆ ಹೋಗಿ ಫ್ರಿಜ್ ಮೇಲಿದ್ದ ಲಕೋಟೆಗಳನ್ನು ತೆಗೆದುಕೊಂಡೆ. ಹತ್ತು. ಅಡುಗೆಮನೆಯಿಂದ ಭಾವನ ಹೆಂಡತಿ ನೋಡಿದಳು, ನೋಡದವಳಂತೆ ತಿರುಗಿಕೊಂಡಳು. ಹೊರಗೆ ಬಂದು ಜಗುಲಿ ದಾಟಿ ಬಲಕ್ಕೆ ತಿರುಗಿದೆ.

"ಎಲ್ಲಿಗಮ್ಮಾ?"

"ಮೇಲಕ್ಕೆ."

"ನಾನು ಇಲ್ಲಿ ಕುಂತಿರಂಗೇ ಅಂಗೇ ಅತ್ತಿ ಓಗ್ತೀಯಾ?"

ನಿಂತೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಭಾವನ ಎದುರು ಮಾತಾಡಿದವಳಲ್ಲ. "ಹೌದು ಭಾವ," ಎಂದು ಹತ್ತಿದೆ. ಬೆನ್ನಿಗೆ ಅವರು ಯಾರಿಗೋ ಫೋನು ಹಚ್ಚುವುದು ಕೇಳಿಸಿತು.

ಮೊದಲನೇ ಮಹಡಿಗೆ ಹದಿನೆಂಟು ಮೆಟ್ಟಿಲು. ನನ್ನ ಬಲ ಮಂಡಿ ಎಣಿಸುತ್ತದೆ, ನಾನು ಎಣಿಸಬೇಕಾಗಿಲ್ಲ. ಎದುರು ಬದುರು ನಾಲ್ಕು ಬಾಗಿಲು, ಮಧ್ಯೆ ಇಬ್ಬರು ಒಟ್ಟಿಗೆ ನಡೆಯಲಾಗದಷ್ಟು ಸಣ್ಣ ದಾರಿ, ಹಗಲಲ್ಲೂ ದೀಪ. ಎರಡನೇ ಬಾಗಿಲು ತಟ್ಟಿದೆ. ಬಹಳ ಹೊತ್ತಿನ ಮೇಲೆ ಒಬ್ಬ ತೆಗೆದ. ಕಣ್ಣು ಕೆಂಪಗಿತ್ತು.

"ರುದ್ರೇಶ್ ಅಂದ್ರೆ?"

"ನಾನೇ. ನೈಟ್ ಶಿಫ್ಟ್ ಮುಗಿಸಿ ಈಗ ಮಲಗಿದ್ದೆ. ಏನ್ ಆಂಟಿ, ಪಲ್ಸ್ ಪೋಲಿಯೋನಾ?"

ಲಕೋಟೆ ಕೊಟ್ಟೆ. ಓದಿದ, ಎಚ್ಚರವಾದ. "ಶಿಫ್ಟೆಡ್ ಅಂತೆ! ನೈಟ್ ಶಿಫ್ಟ್‌ಗೆ ಹಾಕಿದ್ರೆ ಇದಕ್ಕೂ ಶಿಫ್ಟ್ ಅಂತಾರಾ? ಯಾರಿದು ಅಂಜನಮ್ಮ?"

"ನಾನೇ ಕಣಪ್ಪ."

ಅವನು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. "ನೀವು ಆ ಪಾರ್ಟಿಯವ್ರಲ್ವಾ? ಚೀಟಿ ಕೊಡಕ್ಕೆ ಕೆಳಗಡೆ ಬರ್ತೀರಲ್ಲ. ನಾನು ನಿಮಗೆ ಹಾಕಲ್ಲ ಅಂತ ತೆಗೆಸಿದ್ರಾ?"

"ನೀನು ಯಾರಿಗೆ ಹಾಕ್ತೀಯೋ ನಂಗೊತ್ತಿಲ್ಲಪ್ಪ."

"ಈಗ್ಲಂತೂ ನಿಮಗೆ ಹಾಕಲ್ಲ ಬಿಡಿ."

"ಬೇಡ. ಐದಕ್ಕೆ ಕಚೇರಿಗೆ ಬಾ, ಅಷ್ಟು ಸಾಕು. ನಾನು ತಪ್ಪಾಗಿ ಕೊಟ್ಟೆ ಅಂತ ಬರ್ಕೊಡ್ತೀನಿ."

ಅವನ ಸಿಟ್ಟು ಸ್ವಲ್ಪ ಇಳಿಯಿತು. ಪಕ್ಕದ ಮನೆಯ ಇಬ್ಬರೂ ಇಲ್ಲೇ ಇದ್ದಾರೆ, ಗಾರ್ಮೆಂಟ್ಸ್‌ಗೆ ಹೋಗಿದ್ದಾರೆ, ಫೋನು ಮಾಡುತ್ತೇನೆ ಎಂದ. ಹಾಗೆ ಒಬ್ಬರಿಂದ ಒಬ್ಬರಿಗೆ ಹೋದೆ. ಎರಡನೇ ಮಹಡಿಯಲ್ಲಿ ಕೃಪಾ ಎಂಬ ಹುಡುಗಿ, ಮಡಿಲಲ್ಲಿ ಕೂಸು. ಮೊದಲ ಸಲ ವೋಟು ಹಾಕಬೇಕಾದವಳು. ಅವಳ ಗಂಡನ ಹೆಸರಿಗೆ ನಾನು ಸಹಿ ಹಾಕಿರಲಿಲ್ಲ, ಅವಳದಕ್ಕೆ ಹಾಕಿದ್ದೆ. ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರು ಊರು ಬಿಟ್ಟಿದ್ದಾರೆಂದು ಬರೆದಿದ್ದೆ. ಓದುವಾಗ ಇದು ಹೇಗೆ ಕಾಣಲಿಲ್ಲವೋ. ಆವತ್ತು ಭಾವನ ಮನೆಯಲ್ಲಿ ಕಾಫಿಯ ಜೊತೆ ಕೋಡುಬಳೆಯೂ ಇತ್ತು.

ಇಬ್ಬರು ನಿಜವಾಗಿಯೂ ಹೋಗಿದ್ದರು. ಗಂಡ ಹೆಂಡತಿ, ಸರ್ಜಾಪುರದ ಕಡೆ ಸ್ವಂತ ಮನೆ ಮಾಡಿಕೊಂಡರಂತೆ. ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಮೂರನೇ ಮಹಡಿಗೆ ಹೋಗುವಾಗ ಎರಡು ಸಲ ಕೂತೆ. ಮಹಾಂತಮ್ಮನ ಬಾಗಿಲಿಗೆ ಬೀಗ. ಪಕ್ಕದ ಶಿವಗಂಗಾ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಅವಳ ಹೆಸರೂ ನನ್ನ ಹನ್ನೊಂದರಲ್ಲಿ ಇತ್ತು.

"ಮಹಾಂತಮ್ಮಕ್ಕ ಎಷ್ಟು ದಿನದಿಂದ ಇದ್ದಾರೆ?" ಎಂದು ಕೇಳಿದೆ. ಈ ಸಲ ಇನ್ನೊಬ್ಬರಿಂದಲೂ ಕೇಳಿಕೊಳ್ಳಬೇಕು ಅನ್ನಿಸಿತ್ತು.

"ನಾನು ಬಂದಾಗ್ಲೇ ಇದ್ರು. ನಂಗೆ ಆರು ವರ್ಷ ಆಯ್ತು. ಯಜಮಾನ್ರು ಇಲ್ಲೇ ತೀರ್ಕೊಂಡ್ರಲ್ಲ, ಚನ್ನವೀರಪ್ಪನೋರು. ಲಿಫ್ಟ್ ಇಲ್ಲ ನೋಡಿ, ನಾವೇ ಚಾಪೆಲಿ ಇಳ್ಸಿದ್ವಿ."

ಆ ಸಾವು ನನಗೆ ನೆನಪಿತ್ತು. ಕೆಳಗೆ ಆಂಬುಲೆನ್ಸ್ ನಿಂತಿದ್ದಾಗ, ಯಾರೋ ಬಾಡಿಗೆಯವರಂತೆ ಎಂದು ಯಾರೋ ಅಂದಿದ್ದರು. ನಾನು ಬಾಗಿಲು ಮುಂದೆ ಮಾಡಿಕೊಂಡಿದ್ದೆ.

ಅಷ್ಟರಲ್ಲಿ ಫೋನು. ಶಶಿಕುಮಾರ್, ನಮ್ಮ ವಾರ್ಡ್ ಕಮಿಟಿ ಅಧ್ಯಕ್ಷ. ಒಳ್ಳೆಯವನೇ, ನಾನು ಜ್ವರದಲ್ಲಿ ಮಲಗಿದಾಗ ಎಳನೀರು ಕಳಿಸಿದವನು.

"ದೊಡ್ಡಮ್ಮ, ಏನ್ ಮಾಡ್ತಿದೀರಾ? ನರಸಪ್ಪಣ್ಣ ಬೆಂಕಿ ಆಗಿದಾರೆ."

"ಮೆಟ್ಲು ಹತ್ತುತಾ ಇದೀನಿ."

"ಇಳೀರಿ. ನೀವು ಆಫೀಸ್‌ಗೆ ಹೋಗ್ಲಿಲ್ಲ ಅಂದ್ರೆ ಸಾಕು, ಅದು ಅದರ ಪಾಡಿಗೆ ಆಗುತ್ತೆ. ಹೋಗಿ ತಪ್ಪಾಯ್ತು ಅಂತ ಬರ್ಕೊಟ್ರೆ, ಹನ್ನೊಂದಕ್ಕೆ ನಿಲ್ಲಲ್ಲ ಅದು. ನೀವು ಹಾಕಿರೋ ಐವತ್ತೆರಡೂ ಎಳೀತಾರೆ. ಎದುರು ಪಾರ್ಟಿಯವ್ರು ಮೈಕ್ ಹಿಡ್ಕೊಂಡು ಬೀದಿಗೆ ಬರ್ತಾರೆ. ಕಮಿಟಿ ಮಾನ ನಿಮ್ಮ ಕೈಲಿದೆ."

ಐವತ್ತೆರಡು ಎಂದು ಅವನು ಹೇಳುವವರೆಗೆ ನಾನು ಎಣಿಸಿರಲಿಲ್ಲ. ಭಾವನ ಕಟ್ಟಡದ ಹಾಗೆ ಇನ್ನೂ ನಾಲ್ಕು ಜಗುಲಿಗಳಲ್ಲಿ ಕೂತು ಬಂದಿದ್ದೆ.

"ಶಶಿ, ಆ ಹೆಂಗಸು ಇಲ್ಲೇ ಇದ್ದಾಳೆ ಕಣೋ."

"ಇರ್ಲಿ ದೊಡ್ಡಮ್ಮ. ಆಮೇಲೆ ಹೊಸ ಅರ್ಜಿ ಹಾಕ್ಸಿ ಸೇರಿಸೋಣ. ನಾನೇ ಮಾಡಿಸ್ತೀನಿ."

"ಚುನಾವಣೆ ಆದ್ಮೇಲಾ?"

ನಾನು ಫೋನು ಇಟ್ಟೆ.

ಕಚೇರಿ ತಲುಪಿದಾಗ ನಾಲ್ಕೂ ಹತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಿಲ್ಲ. ಟೆಕ್ ಪಾರ್ಕಿನ ತಿರುವಿನಲ್ಲಿ ಇಪ್ಪತ್ತೈದು ನಿಮಿಷ ಗಾಡಿ ಅಲ್ಲಾಡಲಿಲ್ಲ, ಆ ಹೊತ್ತೆಲ್ಲ ಬಾಗಿಲ ಹತ್ತಿರ ನಿಂತು ಕಂಬಿಯನ್ನು ಬಿಗಿಹಿಡಿದು ಬಿಡುತ್ತಿದ್ದೆ.

ಮತದಾರರ ನೋಂದಣಿ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಮೇಜಿನ ಮೇಲೆ ಕಡತಗಳ ಗುಡ್ಡ. ಸಾಲಾಗಿ ಬೆಂಚುಗಳ ಮೇಲೆ ಜನ. ರುದ್ರೇಶ ಬಂದಿದ್ದ, ಕೃಪಾ ಕೂಸನ್ನೆತ್ತಿಕೊಂಡು ಬಂದಿದ್ದಳು, ಶಿವಗಂಗಾಳೂ. ಗಾರ್ಮೆಂಟ್ಸಿನವರು ಬಿಡುವು ಸಿಗದೆ ಬಂದಿರಲಿಲ್ಲ. ಮಹಾಂತಮ್ಮನೂ ಇರಲಿಲ್ಲ. ಬಾಗಿಲಲ್ಲಿ ಶಶಿಕುಮಾರ್ ನಿಂತಿದ್ದ, ಬಿಳಿ ಅಂಗಿ, ಹೆಗಲಿಗೆ ಪಕ್ಷದ ಶಾಲು ಮಾತ್ರ ಇರಲಿಲ್ಲ.

"ಬಂದೇಬಿಟ್ರಾ," ಎಂದ. ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. "ಸರಿ, ಬರೀರಿ. ಕಣ್ತಪ್ಪಿನಿಂದ ಆಯ್ತು ಅಂತ ಬರೀರಿ, ಅಷ್ಟೇ. ನರಸಪ್ಪಣ್ಣನ ಹೆಸರು ಬೇಡ, ಕಮಿಟಿ ಅನ್ನೋದೂ ಬೇಡ. ವಯಸ್ಸಾದವರು, ಬಿಟ್ಬಿಡ್ತಾರೆ."

ಬಿಳಿ ಹಾಳೆ ತೆಗೆದುಕೊಂಡು ಬೆಂಚಿನ ತುದಿಯಲ್ಲಿ ಕೂತೆ. ಕಣ್ತಪ್ಪಿನಿಂದ ಎಂದು ಬರೆಯಲು ಪೆನ್ನು ಊರಿದೆ. ಕಣ್ಣು ಅಲ್ಲಿಗೆ ಹೋಗಿದ್ದರೆ ತಾನೇ ತಪ್ಪುವುದು? ಗಡಿಯಾರ ನೋಡಿದೆ, ಬಾಗಿಲು ನೋಡಿದೆ. ನಾಲ್ಕೂ ಮುಕ್ಕಾಲು. ನನ್ನ ಬರವಣಿಗೆ ನಿಧಾನ, ಒಂದೊಂದು ಅಕ್ಷರಕ್ಕೂ ತಲೆಕಟ್ಟು ಸರಿಯಾಗಿ ಕೊಡದಿದ್ದರೆ ಮುಂದಿನದು ಬರುವುದಿಲ್ಲ. ಕಾಯುವುದು ನನಗೆ ಗೊತ್ತಿರುವ ಕೆಲಸ. ಅವತ್ತು ಮಾತ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬರೆದೆ. "ಈ ಹನ್ನೊಂದು ಜನರ ಮನೆಗೆ ನಾನು ಹೋಗಿರಲಿಲ್ಲ. ಕಮಿಟಿ ಕೊಟ್ಟ ಪಟ್ಟಿಯನ್ನು ಮಾಲೀಕರಾದ ನರಸಪ್ಪನವರ ಮುಂದೆ ಓದಿ, ಅವರು ಹೇಳಿದಂತೆ ಸಹಿ ಹಾಕಿದೆ. ಇವತ್ತು ಮೆಟ್ಟಿಲು ಹತ್ತಿ ಬಾಗಿಲು ಬಾಗಿಲಿಗೆ ಹೋದೆ. ಇಬ್ಬರು ಊರು ಬಿಟ್ಟಿದ್ದಾರೆ. ಒಂಬತ್ತು ಜನ ಅಲ್ಲೇ ವಾಸವಿದ್ದಾರೆ." ಕೆಳಗೆ ಒಂಬತ್ತು ಹೆಸರು.

ಭುಜದ ಮೇಲಿನಿಂದ ಓದುತ್ತಿದ್ದ ಶಶಿಕುಮಾರ್ "ದೊಡ್ಡಮ್ಮಾ..." ಎಂದು ಉಸಿರು ಬಿಟ್ಟ.

ಅಧಿಕಾರಿ ಓದಿ ತಲೆ ಎತ್ತಿದರು. "ಮೊದಲು ಕೊಟ್ಟ ಅರ್ಜಿಯಲ್ಲಿ ಖುದ್ದಾಗಿ ತಿಳಿದು ಹೇಳ್ತಿದ್ದೀನಿ ಅಂತ ಸಹಿ ಮಾಡಿದ್ದೀರಾ. ಸುಳ್ಳು ಹೇಳಿಕೆ ಅಂತಾದ್ರೆ ನಿಮ್ಮ ಮೇಲೆ ಕೇಸ್ ಆಗಬಹುದು, ಗೊತ್ತಾ ಅಮ್ಮ?"

"ಗೊತ್ತಿರಲಿಲ್ಲ ಮೇಡಂ. ಈಗ ಗೊತ್ತಾಯ್ತು."

"ಆದ್ರೂ ಕೊಡ್ತೀರಾ?"

"ತಗೊಳ್ಳಿ."

ಹೆಸರು ಕರೆಯಲು ಶುರು ಮಾಡಿದರು. ರುದ್ರೇಶ ಸಂಬಳದ ಚೀಟಿ ತೋರಿಸಿದ, ಕೃಪಾ ಕೂಸಿನ ಲಸಿಕೆ ಕಾರ್ಡು, ಶಿವಗಂಗಾ ಗ್ಯಾಸ್ ಪುಸ್ತಕ. "ಮಹಾಂತಮ್ಮ" ಎಂದರು. ಯಾರೂ ಏಳಲಿಲ್ಲ. ಇನ್ನೊಂದು ಸಲ ಎಂದರು. ನಾನು ಎದ್ದು ನಿಂತೆ.

"ನೀವಾ?"

"ಅಲ್ಲ ಮೇಡಂ. ಬರ್ತಾಳೆ. ಮಕ್ಕಳನ್ನ ನೋಡ್ಕೊಳ್ಳೋ ಕೆಲಸ. ತಾಯಂದ್ರು ಬರೋದು ತಡ ಆಗಿರುತ್ತೆ."

"ಐದೂ ಹತ್ತು. ಬಾಡಿಗೆ ಕರಾರು ಪತ್ರ ಏನಾದ್ರೂ ಇದೆಯಾ?"

"ಮಾಲೀಕರು ಯಾರಿಗೂ ಮಾಡಿಕೊಟ್ಟಿಲ್ಲ."

"ಹಾಗಾದ್ರೆ ಅವರು ಅಲ್ಲಿದ್ದಾರೆ ಅಂತ ಯಾರು ಹೇಳ್ತಾರೆ?"

"ನಾನು."

"ಇಲ್ಲ ಅಂತ ಹೇಳಿದ್ದೂ ನೀವೇ ಅಲ್ವಾ?"

ಬೆಂಚಿನಲ್ಲಿ ಯಾರೋ ನಕ್ಕರು. ಕಿವಿ ಬಿಸಿಯಾಯಿತು. "ಹೌದು. ಆವತ್ತು ಕೂತಲ್ಲೇ ಹೇಳ್ದೆ. ಇವತ್ತು ನೋಡ್ಕೊಂಡು ಹೇಳ್ತಿದೀನಿ. ಯಜಮಾನ್ರು ಅದೇ ಮನೇಲಿ ತೀರ್ಕೊಂಡ್ರು. ಪಕ್ಕದ ಮನೆಯವಳು ಇಲ್ಲೇ ಇದ್ದಾಳೆ, ಕೇಳಿ."

ಶಿವಗಂಗಾ ಎದ್ದಳು. ಅವಳು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಚಪ್ಪಲಿಯ ಸದ್ದು. ಮಹಾಂತಮ್ಮ ಏದುಸಿರು ಬಿಡುತ್ತಾ ಒಳಗೆ ಬಂದಳು, ಹಸಿರು ಸೀರೆಯ ಹೆಗಲ ಮೇಲೆ ಯಾವುದೋ ಕೂಸು ಕಕ್ಕಿದ ಹಾಲು.

"ಇಲ್ಲೇ ಅದೇನ್ರಿ! ನಾ ಅದೇನಿ! ಸತ್ತಿಲ್ಲ, ಓಡಿ ಹೋಗಿಲ್ಲ!"

ಅಧಿಕಾರಿಗೂ ನಗು ತಡೆಯಲಾಗಲಿಲ್ಲ. ಕಾರ್ಡು ನೋಡಿದರು, ಮುಖ ನೋಡಿದರು, ನನ್ನ ಹಾಳೆ ನೋಡಿದರು. ಬಂದವರದ್ದು ಇವತ್ತೇ ಉಳಿಯುತ್ತದೆ, ಬರದವರ ಮನೆಗೆ ನಾಳೆ ಸಿಬ್ಬಂದಿ ಹೋಗುತ್ತಾರೆ, ಸುಮ್ಮನೆ ತೆಗೆಯುವುದಿಲ್ಲ ಎಂದರು. ಮಹಾಂತಮ್ಮನ ಕಡತದ ಮೇಲೆ ಹೆಸರು ತೆಗೆಯುವ ಅರ್ಜಿ ತಿರಸ್ಕರಿಸಲಾಗಿದೆ ಎಂದು ಬರೆದು ಮೊಹರು ಒತ್ತಿದರು. ಅವಳು ಅದನ್ನು ಎರಡು ಸಲ ಓದಿಸಿಕೊಂಡಳು.

ಶಶಿಕುಮಾರ್ ಕೈಮುಗಿದು ಮುಂದೆ ಬಂದ. "ಅಕ್ಕ, ತಪ್ಪಾಯ್ತು. ನಮ್ಮ ಪಾರ್ಟಿ ಮೇಲೆ ಬೇಜಾರು ಮಾಡ್ಕೋಬೇಡಿ."

"ಬ್ಯಾಸರಾ ಏನ್ ಬಂತ್ರಿ. ಎರಡ ಸಲ ನಿಮಗ ಹಾಕೇನಿ ವೋಟು."

"ನಮಗಾ?"

"ಹ್ಞೂಂ ಮತ್ತ. ಈ ಸಲ ಯೋಚನಿ ಮಾಡ್ತೇನಿ."

ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. "ನಮ್ಮ ವೋಟನ್ನ ನಾವೇ ಕಿತ್ತಾಕ್ತಿದ್ವಲ್ಲ ದೊಡ್ಡಮ್ಮ!"

"ಅವಳು ಎದುರು ಪಾರ್ಟಿಯವಳಾಗಿದ್ರೆ ಕೀಳಬಹುದಿತ್ತಾ?" ಎಂದೆ. ಅವನು ಜೇಬಿನಲ್ಲಿ ಗಾಡಿಯ ಬೀಗದ ಕೈ ಹುಡುಕತೊಡಗಿದ.

ಮಹಾಂತಮ್ಮ ನನ್ನತ್ತ ತಿರುಗಿದಳು. ಬೆಳಗಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. "ನೋಡ್ರಿ, ಬರದು ಕೊಟ್ರಿ, ಚಲೋ ಆತು. ಆದ್ರ ಇಂಥಾ ಕಾಗದಾ ಮಾಲೀಕರ ಮನ್ಯಾಗ ಬಿದ್ದಿದ್ರ, ಎಲ್ಲಾರೂ ನನ್ನಂಗ ಮೋಟಾರು ಹಾಕ್ರಿ ಅನ್ನಾಕ ಹೋಗಿ ಕಂಡು ಹಿಡಿಯಾಂಗಿಲ್ಲ." ಹೇಳಿ ಬಸ್ಸಿಗೆ ಹೊರಟಳು.

ಜನ ಕರಗಿದರು. ಜವಾನ ಒಂದೊಂದೇ ಫ್ಯಾನು ಆರಿಸುತ್ತಾ ಬಂದ. ಶಶಿಕುಮಾರ್ ಗಾಡಿಯ ಬೀಗದ ಕೈ ಕುಣಿಸುತ್ತಾ, "ನಡೀರಿ, ಮನೆಗೆ ಬಿಡ್ತೀನಿ. ಆಗಿದ್ದಾಯ್ತು, ನರಸಪ್ಪಣ್ಣನ್ನ ನಾನು ಸಮಾಧಾನ ಮಾಡ್ತೀನಿ," ಎಂದ.

ಬಾಗಿಲವರೆಗೆ ಹೋದೆ. ಹಿಂದಿರುಗಿ ಮೇಜಿನ ಹತ್ತಿರ ಬಂದೆ.

"ಮೇಡಂ, ನನ್ನ ಸಹಿ ಇರೋ ಅರ್ಜಿ ಇನ್ನೂ ಇವೆ. ನಲವತ್ತೊಂದು. ಅವುಗಳ ವಿಚಾರಣೆ ಯಾವತ್ತು?"

ಅವರು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು. ಮತ್ತೆ ಇಳಿಸಿ ಪರದೆ ನೋಡಿದರು. "ಶುಕ್ರವಾರ."

"ದೊಡ್ಡಮ್ಮ, ಬೇಡ," ಎಂದ ಶಶಿಕುಮಾರ್ ಬಾಗಿಲಿನಿಂದ. "ಐವತ್ತೆರಡಕ್ಕೂ ಸಿಕ್ಕಿಹಾಕೊಳ್ತೀರಾ. ಕಮಿಟಿ, ಸಭೆ, ಕುರ್ಚಿ ಯಾವುದೂ ಇರಲ್ಲ ಆಮೇಲೆ. ನಾನೂ ಉಳಿಸಕ್ಕಾಗಲ್ಲ."

"ಹೋಗಪ್ಪ ನೀನು. ನಾನು ಬಸ್ಸಲ್ಲಿ ಬರ್ತೀನಿ."

ಅಧಿಕಾರಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕನ್ನಡಕ ಸರಿಮಾಡಿಕೊಂಡು, ಇನ್ನೊಂದು ಬಿಳಿ ಹಾಳೆಯಲ್ಲಿ ಮನೆ ನಂಬರುಗಳನ್ನು ಇಳಿಸಿಕೊಳ್ಳತೊಡಗಿದೆ. ಮೂರು ದಿನ, ನಾಲ್ಕು ಕಟ್ಟಡ. ಮೊದಲನೆಯದರ ಮಾಲೀಕ ಮುನಿಯಣ್ಣ, ನಾಲ್ಕನೇ ಮಹಡಿ. ಹೊರಗೆ ಶಶಿಕುಮಾರನ ಗಾಡಿ ಸ್ಟಾರ್ಟ್ ಆಯಿತು, ಬಹಳ ಹೊತ್ತು ಹಾಗೇ ನಿಂತಲ್ಲೇ ಗುರುಗುಟ್ಟುತ್ತಿತ್ತು.